ಬರಹವೇ ಪೂಜೆಯಾದ ಬಾಳು
(ವಚನ ಪಿತಾಮಹ ಡಾ. ಫ. ಗು. ಹಳಕಟ್ಟಿಯವರು)

ಧಾರವಾಡದ ಹಳೆಯ ಓಣಿಗಳಲ್ಲಿ ಬೆಳಗಿನ ಜಾವಕ್ಕೆ ಹೊರಟವನ ಕಣ್ಣಿಗೆ ಮೊದಲು ಬೀಳುವುದು ಮನೆಗಳ ಮುಂದಿನ ರಂಗವಲ್ಲಿ. ಅಂಗಳವನ್ನು ಸಾರಿಸಿ, ಚುಕ್ಕಿಗಳನ್ನಿಟ್ಟು, ಆ ಚುಕ್ಕಿಗಳನ್ನು ಒಂದೇ ಗೆರೆಯಿಂದ ಬಳಸಿ ಕೂಡಿಸುವ ತಾಯಿಯ ಬಾಯಲ್ಲಿ ಮಂತ್ರವಿಲ್ಲದಿರಬಹುದು. ಆದರೆ ಆ ಹೊತ್ತಿನಲ್ಲಿ ಆಕೆಯ ಮನಸ್ಸು ಬೆರಳ ತುದಿಯನ್ನು ಬಿಟ್ಟು ಬೇರೆಡೆಗೆ ಹೋಗುವುದಿಲ್ಲ. ಇದೇ ನಾಡಿನ ಹೆಣ್ಣುಮಕ್ಕಳು ಇಳಕಲ್ಲ ಸೀರೆಯ ಮೇಲೆ ಎಳೆಯೆಳೆಯನ್ನು ಎಣಿಸಿ ಗೋಪುರವನ್ನೂ ತೇರನ್ನೂ ನಂದಿಯನ್ನೂ ಮೂಡಿಸುವ ಕಸೂತಿಯೂ ಅಂಥದೇ. ಗಾವಂತಿ, ಮುರಗಿ, ನೇಗಿ, ಮೆಂತಿ ಎಂಬ ಅದರ ನಾಲ್ಕು ಹೊಲಿಗೆಗಳಲ್ಲಿ ಯಾವುದಕ್ಕೂ ಬಟ್ಟೆಯ ಮೇಲೆ ಮುಂಚಿತವಾಗಿ ಗೆರೆ ಹಾಕಿಕೊಳ್ಳುವ ರೂಢಿಯಿಲ್ಲ. ಎಣಿಕೆ ತಪ್ಪಿದರೆ ಗೋಪುರವೇ ವಾಲುತ್ತದೆ. ಹಿಂದಿನ ಕಾಲದ ಶಾಲೆಯಲ್ಲಿ ಕೂಸು ಧೂಳಿನ ಮೇಲೆ ತೋರುಬೆರಳಿನಿಂದ ತೀಡುತ್ತಿದ್ದ ಮೊದಲ ಬರಹವು ಶಿವನ ಹೆಸರಾಗಿರುತ್ತಿದ್ದಿತು. ಅಕ್ಷರವು ಆ ಕೂಸಿಗೆ ಇನ್ನೂ ಅಕ್ಷರವಾಗಿರಲಿಲ್ಲ, ಬರಿಯ ಚಿತ್ರವಾಗಿತ್ತು. ಅರ್ಥ ತಿಳಿಯುವುದಕ್ಕೆ ಮುಂಚೆಯೇ ಕೈ ನಮಸ್ಕಾರವನ್ನು ಕಲಿತಿರುತ್ತಿತ್ತು.

ಪ್ರಾರ್ಥನೆಯೆಂದರೆ ಬಾಯಿಂದ ಬರುವ ಮಾತೆಂದೇ ನಾವು ಬಹುಮಟ್ಟಿಗೆ ತಿಳಿದಿದ್ದೇವೆ. ಕೈಯಿಂದ ನಡೆಯುವ ಪ್ರಾರ್ಥನೆಯೂ ಒಂದುಂಟು. ಗೆರೆಯನ್ನೆಳೆಯುವುದು, ಅಕ್ಷರವನ್ನು ತೀಡುವುದು, ಹಿರಿಯರು ಬರೆದುದನ್ನು ಮರಳಿ ಬರೆಯುವುದು, ಇವೆಲ್ಲ ಅದರ ರೂಪಗಳು. ಅಂಥ ಪ್ರಾರ್ಥನೆಯನ್ನು ಅರ್ಧ ಶತಮಾನಕ್ಕೂ ಮಿಕ್ಕಿ ನಡೆಯಿಸಿ, ಅದರಿಂದ ಒಂದು ಧರ್ಮದ ವಾಙ್ಮಯವನ್ನೇ ಮಣ್ಣುಪಾಲಾಗದಂತೆ ಉಳಿಸಿಕೊಟ್ಟ ಮಹನೀಯರೊಬ್ಬರು ಈ ಧಾರವಾಡದಲ್ಲಿಯೇ ಹುಟ್ಟಿದರು. ಅವರೇ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು. ಅವರ ಬಾಳನ್ನು ಈ ಒಂದು ದೃಷ್ಟಿಯಿಂದ ನೆನೆಯುವುದು ಈ ಲೇಖನದ ಉದ್ದೇಶ.

ಹಳಕಟ್ಟಿಯವರು ಹುಟ್ಟಿದುದು 1880ನೆಯ ಇಸವಿ ಜುಲೈ 2ರಂದು. ತಂದೆ ಗುರುಬಸಪ್ಪನವರು ಶಿಕ್ಷಕರು, ಬರಹದಲ್ಲಿ ಆಸಕ್ತಿಯುಳ್ಳವರು, ತಾಯಿ ದಾನಮ್ಮನವರು. ತಾಯಿಯ ಮಡಿಲು ಎಳೆತನದಲ್ಲಿಯೇ ತಪ್ಪಿತು. ಧಾರವಾಡವು ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕಚೇರಿಯಲ್ಲಿಯೂ ವ್ಯವಹಾರದಲ್ಲಿಯೂ ಮರಾಠಿಯ ಪ್ರಾಬಲ್ಯವಿದ್ದು, ಕನ್ನಡವು ಮನೆಯೊಳಗಿನ ಮಾತಾಗಿ ಉಳಿದಿದ್ದ ಕಾಲವದು. ಬಾಲಕನಿಗೆ ಹತ್ತು ವರ್ಷ ತುಂಬಿದ ತಿಂಗಳಿನಲ್ಲಿಯೇ, ಅಂದರೆ 1890ರ ಜುಲೈಯಲ್ಲಿ, ಇದೇ ಊರಿನಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಜನ್ಮ ತಾಳಿತು. ಕನ್ನಡಕ್ಕೂ ಒಂದು ಹಿರಿದಾದ ಹಿಂದಿನ ಬಾಳು ಇತ್ತೆಂಬ ಅರಿವು ಮೂಡುತ್ತಿದ್ದ ಗಾಳಿಯಲ್ಲಿ ಅವರು ಬೆಳೆದರು.

ಇಲ್ಲಿ ಒಂದು ಸೋಜಿಗವನ್ನು ಹೇಳದೆ ಮುಂದೆ ಹೋಗಲಾಗದು. ಕನ್ನಡ ಕುಲಪುರೋಹಿತರೆಂದು ನಾಡು ಕೊಂಡಾಡಿದ ಆಲೂರ ವೆಂಕಟರಾಯರು ಹುಟ್ಟಿದುದೂ ಅದೇ 1880ರ ಜುಲೈ ತಿಂಗಳಿನಲ್ಲಿ, ಹತ್ತು ದಿನಗಳ ಅಂತರದಲ್ಲಿ. ವಿಜಾಪುರದಲ್ಲಿ ಹುಟ್ಟಿದ ಆಲೂರರು ಧಾರವಾಡವನ್ನು ತಮ್ಮ ಕರ್ಮಭೂಮಿಯನ್ನಾಗಿ ಮಾಡಿಕೊಂಡರು. ಧಾರವಾಡದಲ್ಲಿ ಹುಟ್ಟಿದ ಹಳಕಟ್ಟಿಯವರು ವಿಜಾಪುರಕ್ಕೆ ತಮ್ಮ ಬಾಳನ್ನು ಧಾರೆಯೆರೆದರು. ಎರಡು ಊರುಗಳು ತಮ್ಮ ಮಕ್ಕಳನ್ನು ಒಂದಕ್ಕೊಂದು ದತ್ತು ಕೊಟ್ಟಂತಾಯಿತು.

ಹಳಕಟ್ಟಿಯವರು ಮುಂಬಯಿಯಲ್ಲಿ ಉಚ್ಚ ಶಿಕ್ಷಣವನ್ನು ಪಡೆದು, 1904ರಲ್ಲಿ ಕಾಯಿದೆಯ ಪದವಿಯನ್ನು ಸಂಪಾದಿಸಿ, ವಿಜಾಪುರದಲ್ಲಿ ವಕೀಲಿ ವೃತ್ತಿಯನ್ನು ಕೈಕೊಂಡರು. ಬುದ್ಧಿ ಚುರುಕಾಗಿತ್ತು, ವೃತ್ತಿಯಲ್ಲಿ ಮುಂದೆ ಬರಲು ಬೇಕಾದುದೆಲ್ಲ ಇದ್ದಿತು. ವಿಜಾಪುರದ ವಕೀಲರಲ್ಲಿ ಹಣವಂತರಾಗಿ ಬಾಳಿ, ಒಂದು ದೊಡ್ಡ ಮನೆಯನ್ನು ಮಕ್ಕಳಿಗೆ ಬಿಟ್ಟು ಹೋಗಬಹುದಾಗಿದ್ದ ಜೀವನವದು. ಅದರ ದಾರಿಯನ್ನು ತಿರುಗಿಸಿದುದು ಹಳೆಯ ಓಲೆಗಳ ಒಂದು ಕಟ್ಟು.

1903ರ ಸುಮಾರಿಗೆ ಬನಹಟ್ಟಿಯ ಮಂಚಾಲೆ ಮನೆತನದವರಲ್ಲಿ ಅವರು ಕೆಲವು ತಾಡವೋಲೆಗಳನ್ನು ಕಂಡರು. ಷಟ್‌ಸ್ಥಲ ತಿಲಕವೂ ಪ್ರಭುದೇವರ ವಚನಗಳೂ ಅವುಗಳಲ್ಲಿದ್ದವು. ಆ ಓಲೆಗಳನ್ನು ಓದಿದ ತರುಣನಿಗೆ ತಾನು ಕಾಲೇಜಿನಲ್ಲಿ ಕಲಿತ ವಿದ್ಯೆಯಲ್ಲಿ ಎಲ್ಲಿಯೂ ಕಾಣದ ಒಂದು ಬೆಳಕು ಕಂಡಿತು. ತನ್ನ ಮನೆಯ ಜಗುಲಿಯಲ್ಲಿಯೇ ಇದ್ದು ತನಗೆ ತಿಳಿಯದೆ ಹೋಗಿದ್ದ ನಿಧಿಯಿದು ಎಂಬ ಬೆರಗಿನ ಜೊತೆಗೆ ಒಂದು ಅಳುಕೂ ಹುಟ್ಟಿತು. ಈ ಓಲೆಗಳು ಇನ್ನೆಷ್ಟು ದಿನ ಬಾಳಿಯಾವು?

ತಾಡವೋಲೆಯೆಂದರೆ ಏನೆಂಬುದನ್ನು ಇಂದಿನ ಓದುಗರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ತಾಳೆಯ ಗರಿಯನ್ನು ಹದಮಾಡಿ ಒಣಗಿಸಿ, ಒಂದೇ ಅಳತೆಗೆ ಕತ್ತರಿಸಿ, ತೂತು ಕೊರೆದು ದಾರ ಪೋಣಿಸಿ, ಮೇಲೂ ಕೆಳಗೂ ಕಟ್ಟಿಗೆಯ ಹಲಗೆಗಳನ್ನಿಟ್ಟು ಕಟ್ಟುತ್ತಿದ್ದರು. ಬರೆಯುವುದು ಮಸಿಯಿಂದಲ್ಲ, ಕಂಠವೆಂಬ ಉಕ್ಕಿನ ಮೊನೆಯಿಂದ ಎಲೆಯ ಮೈಯನ್ನು ಗೀರುತ್ತಿದ್ದರು. ಗೀರಿದಾಗ ಅಕ್ಷರವು ಕಣ್ಣಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಆಮೇಲೆ ಕಾಡಿಗೆಯನ್ನು ಸವರಿ ಒರಸಿದಾಗ ಗೀರುಗಳೊಳಗೆ ಕಪ್ಪು ನಿಂತು, ಬರಹವು ಒಮ್ಮೆಲೆ ಮೂಡಿ ಬರುತ್ತಿತ್ತು. ನೆಟ್ಟನೆಯ ಗೆರೆಯನ್ನು ಎಲೆಯ ನರದ ಗುಂಟ ಎಳೆದರೆ ಓಲೆಯೇ ಸೀಳುವ ಭಯ. ಆದುದರಿಂದ ಕೈ ದುಂಡಗೆ ತಿರುಗಬೇಕು. ನಮ್ಮ ಕನ್ನಡ ಲಿಪಿಯ ದುಂಡುತನಕ್ಕೂ ಓಲೆಯ ಮೇಲಿನ ಈ ಎಚ್ಚರಿಕೆಗೂ ನಂಟುಂಟೆಂದು ಬಲ್ಲವರು ಹೇಳುತ್ತಾರೆ. ಬರೆಯುವವನು ಇಲ್ಲಿ ಅರ್ಧ ಲೇಖಕ, ಅರ್ಧ ಚಿತ್ರಕಾರ. ಇಷ್ಟೆಲ್ಲ ಮಾಡಿದ ಬಳಿಕ ಅವನು ಕೊನೆಯ ಓಲೆಯಲ್ಲಿ ತನ್ನ ಗುರುವನ್ನು ನೆನೆದು, ತಪ್ಪುಗಳಿದ್ದರೆ ಬಲ್ಲವರು ತಿದ್ದಿಕೊಳ್ಳಬೇಕೆಂದು ಬೇಡಿಕೊಂಡು ಕಂಠವನ್ನು ಕೆಳಗಿಡುತ್ತಿದ್ದನು. ಬರೆಯುವುದನ್ನು ಸೇವೆಯೆಂದು ಬಗೆದವನ ಮಾತು ಅದು.

ಹದಿನೈದನೆಯ ಶತಮಾನದಲ್ಲಿ ವಿಜಯನಗರದ ಪ್ರೌಢದೇವರಾಯನ ಕಾಲದ ವಿರಕ್ತರು ಕಲ್ಯಾಣದ ಶರಣರ ವಚನಗಳನ್ನು ಹುಡುಕಿ, ಕೂಡಿಸಿ, ಪ್ರತಿಮಾಡಿ, ಶೂನ್ಯಸಂಪಾದನೆಯಂಥ ಮಹಾಕೃತಿಗಳನ್ನು ಕಟ್ಟಿದರು. ಅವರ ಕೈಬರಹದಿಂದಲೇ ಮುಂದಿನ ಪೀಳಿಗೆಗೆ ವಚನಗಳು ಬಂದವು. ಆದರೆ ಕಾಲ ಕಳೆದಂತೆ ಪ್ರತಿಮಾಡುವ ಕೈಗಳು ನಿಂತವು. ಓಲೆಯ ಕಟ್ಟುಗಳು ಮಠಗಳ ಅಟ್ಟಗಳಲ್ಲಿ, ಭಕ್ತರ ಮನೆಯ ಜಗುಲಿಗಳಲ್ಲಿ ಬಟ್ಟೆ ಸುತ್ತಿಸಿಕೊಂಡು ಕುಳಿತವು. ಅವುಗಳಿಗೆ ವಿಭೂತಿಯಿಟ್ಟರು, ಹೂವೇರಿಸಿದರು, ಹಬ್ಬದಂದು ಧೂಪವನ್ನು ಹಾಕಿದರು. ಗಂಟನ್ನು ಮಾತ್ರ ಬಿಚ್ಚಲಿಲ್ಲ. ಹೊರಗೆ ಪೂಜೆ ನಡೆದಿರುವಾಗಲೇ ಒಳಗೆ ಹುಳು ತನ್ನ ಕೆಲಸವನ್ನು ನಡೆಸಿತ್ತು. ಶರಣರು ಯಾವ ಜಡಪೂಜೆಯನ್ನು ನಿರಾಕರಿಸಿದ್ದರೋ ಅದೇ ಪೂಜೆಗೆ ಅವರ ಮಾತುಗಳೇ ಗುರಿಯಾದುವು. ಇದನ್ನು ಬರೆಯುವಾಗ ನಮ್ಮ ಕೈಗೂ ನಾಚಿಕೆಯಾಗಬೇಕು. ಏಕೆಂದರೆ ತಪ್ಪು ಮಾಡಿದವರು ನಮ್ಮ ಹಿರಿಯರೇ.

ಹಳಕಟ್ಟಿಯವರು ಆ ಗಂಟುಗಳನ್ನು ಬಿಚ್ಚಿಸಲು ಹೊರಟರು. ಊರೂರು ತಿರುಗಿದರು, ಮಠಗಳ ಬಾಗಿಲನ್ನು ಕಾಯ್ದರು, ಓಲೆಯನ್ನು ಮನೆಯಿಂದ ಹೊರಗೆ ಕೊಟ್ಟರೆ ಸಿರಿ ಹೋದೀತೆಂದು ಅಂಜುವವರಿಗೆ ವಿನಯದಿಂದ ತಿಳಿಯಹೇಳಿದರು. ಕೊಟ್ಟಲ್ಲಿ ತಂದರು, ಕೊಡದಲ್ಲಿ ಕುಳಿತು ಬರೆದುಕೊಂಡರು. ಅಳಿದುಳಿದ ಓಲೆಗಳ ಬರಹವನ್ನು ಓದುವುದು ಸಣ್ಣ ಕೆಲಸವಲ್ಲ. ಪದಗಳ ನಡುವೆ ತೆರಪಿಲ್ಲ, ವಾಕ್ಯಕ್ಕೆ ನಿಲುಗಡೆಯ ಗುರುತಿಲ್ಲ; ಒಂದು ವಚನವು ಎಲ್ಲಿ ಮುಗಿಯಿತೆಂಬುದನ್ನು ಬಹುಶಃ ಅಂಕಿತದಿಂದಲೇ ಅರಿಯಬೇಕು. ಒಂದು ಪ್ರತಿಯಲ್ಲಿ ಹುಳು ತಿಂದ ಮಾತನ್ನು ಇನ್ನೊಂದು ಊರಿನ ಪ್ರತಿಯಿಂದ ತುಂಬಬೇಕು. ಒಂದೇ ವಚನವು ಎರಡು ಅಂಕಿತಗಳಲ್ಲಿ ಕಂಡರೆ ಯಾರದೆಂದು ತೂಗಿ ನೋಡಬೇಕು. ಹಗಲು ನ್ಯಾಯಾಲಯ, ಅದರಿಂದ ಉಳಿದ ಹೊತ್ತೆಲ್ಲ ಈ ಕೆಲಸಕ್ಕೆ ಮೀಸಲು. ವರುಷಗಳು ಕಳೆದಂತೆ ಆ ಲೆಕ್ಕ ತಲೆಕೆಳಗಾಗಿ, ವಚನಗಳಿಂದ ಉಳಿದ ಹೊತ್ತು ಮಾತ್ರ ವಕೀಲಿಗೆ ಸಂದಿತು. ಹೀಗೆ ಅವರು ಕಲೆಹಾಕಿದ ತಾಡವೋಲೆಯ ಕಟ್ಟುಗಳು ಸುಮಾರು 1000. ಅವರು ಈ ಕೆಲಸವನ್ನು ಆರಂಭಿಸುವಾಗ ಜನರಿಗೆ ಹೆಸರು ತಿಳಿದಿದ್ದ ವಚನಕಾರರು 50 ಮಂದಿ ಇದ್ದಾರು. ಅವರ ಶೋಧನೆಯ ಫಲವಾಗಿ ಆ ಸಂಖ್ಯೆ 250ರ ಹತ್ತಿರಕ್ಕೆ ಏರಿತು. ಇಷ್ಟು ಹೆಸರುಗಳು ಮರವೆಯಿಂದ ಎದ್ದು ಬಂದುದು ಒಬ್ಬ ಮನುಷ್ಯನ ಕೈಬೆರಳುಗಳ ಸವೆತದಿಂದ ಎಂಬುದನ್ನು ನಾವು ಮರೆಯಬಾರದು.

ಇದು ವಿದ್ವತ್ತಿನ ಕೆಲಸವಲ್ಲವೆ, ಇದನ್ನು ಪ್ರಾರ್ಥನೆಯೆಂದು ಹೇಗೆ ಕರೆಯುವುದು ಎಂದು ಯಾರಾದರೂ ಕೇಳಿಯಾರು. ಪ್ರಶ್ನೆ ಸಹಜವಾದುದು. ಇಷ್ಟಲಿಂಗವನ್ನು ಕರಸ್ಥಲದಲ್ಲಿರಿಸಿಕೊಂಡು ರೆಪ್ಪೆ ಬಡಿಯದೆ ನೋಡುವ ಶಿವಯೋಗದಲ್ಲಿ ಸಾಧಕನು ಮಾಡುವುದೇನು? ಚದುರಿಹೋಗುವ ಕಣ್ಣನ್ನೂ ಮನಸ್ಸನ್ನೂ ಅಂಗೈಯಷ್ಟು ಎಡೆಯಲ್ಲಿ ನಿಲ್ಲಿಸುತ್ತಾನೆ. ತನ್ನತನವನ್ನು ಹಿಂದಕ್ಕೆ ಸರಿಸಿ ಎದುರಿಗಿರುವುದನ್ನು ತನ್ನೊಳಗೆ ಬರಮಾಡಿಕೊಳ್ಳುತ್ತಾನೆ. ಓಲೆಯನ್ನು ಪ್ರತಿಮಾಡುವವನೂ ಅದನ್ನೇ ಮಾಡಬೇಕು. ತನಗೆ ಒಪ್ಪಿತವಾದ ಮಾತನ್ನು ಸೇರಿಸುವಂತಿಲ್ಲ, ಒಪ್ಪದುದನ್ನು ಬಿಡುವಂತಿಲ್ಲ. ಮನಸ್ಸು ಒಂದು ಗಳಿಗೆ ಜಾರಿದರೆ ಕೈ ಒಂದು ಸಾಲನ್ನು ಹಾರುತ್ತದೆ. ಜಪದಲ್ಲಿ ಮನಸ್ಸು ತಪ್ಪಿದರೆ ತಿಳಿಯುವವನು ಜಪಿಸುವವನೊಬ್ಬನೇ. ಬರಹದಲ್ಲಿ ತಪ್ಪಿದರೆ ಹಾಳೆಯೇ ಸಾಕ್ಷಿ ನುಡಿಯುತ್ತದೆ. ಆದುದರಿಂದ ಇದು ಕಠಿಣವಾದ ಜಪ. ಮಾಡುವ ಕಾಯಕವನ್ನೇ ಕೈಲಾಸವೆಂದು ಬಗೆದ ಶರಣರ ಮಾರ್ಗದಲ್ಲಿ ನೇಯ್ಗೆಯೂ ಮಡಿ ಮಾಡುವುದೂ ದೋಣಿ ನಡೆಸುವುದೂ ಪೂಜೆಯಾಗಬಲ್ಲುದಾದರೆ, ಆ ಶರಣರದೇ ಮಾತನ್ನು ಅಕ್ಷರಕ್ಕೆ ಅಕ್ಷರ ತೀಡುವುದು ಏಕೆ ಪೂಜೆಯಾಗಬಾರದು?

ಈ ಅರಿವು ನಮ್ಮ ಪಂಥಕ್ಕೆ ಮಾತ್ರ ಸೀಮಿತವಾದುದಲ್ಲ. ಯೂರೋಪಿನ ಕ್ರೈಸ್ತ ಮಠಗಳಲ್ಲಿ ಸನ್ಯಾಸಿಗಳು ಶತಮಾನಗಳ ಕಾಲ ಧರ್ಮಗ್ರಂಥಗಳನ್ನು ಪ್ರತಿಮಾಡಿ, ಮೊದಲಕ್ಷರಗಳನ್ನು ಬಳ್ಳಿ ಹೂಗಳಿಂದ ಸಿಂಗರಿಸಿ, ಅದನ್ನು ದೇವರ ಸೇವೆಯೆಂದೇ ಎಣಿಸಿದರು. ಜಪಾನಿನ ಬೌದ್ಧರಲ್ಲಿ ಸೂತ್ರಗಳನ್ನು ಕುಂಚದಿಂದ ಪ್ರತಿಮಾಡುವ ವ್ರತವು ಇಂದಿಗೂ ಬಳಕೆಯಲ್ಲಿದೆ. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಹಳಕಟ್ಟಿಯವರು ಬಾಳಿದ ವಿಜಾಪುರದಲ್ಲಿಯೇ ಇಬ್ರಾಹಿಮ್ ರೋಜಾ ಇದೆ. ಎರಡನೆಯ ಇಬ್ರಾಹಿಮ್ ಆದಿಲಶಾಹನ ಆ ಸಮಾಧಿಯ ಗೋಡೆಗಳ ಮೇಲೆ ಶಿಲ್ಪಿಗಳು ಪವಿತ್ರ ವಾಕ್ಯಗಳನ್ನು ಕೆತ್ತಿದ್ದಾರೆ. ಕಿಟಕಿಗಳ ಕಲ್ಲಿನ ಜಾಲರಿಯೂ ಅಕ್ಷರಗಳ ಹೆಣಿಗೆಯೇ. ಬಿಸಿಲು ಅವುಗಳ ಮೂಲಕ ಒಳಗೆ ಬರುವಾಗ ಅಕ್ಷರಗಳ ಸಂದಿನಿಂದಲೇ ಸೋಸಿ ಬರುತ್ತದೆ. ಕಲ್ಲಿನಲ್ಲಿ ಪ್ರಾರ್ಥಿಸಿದವರ ಊರಿನಲ್ಲಿಯೇ ಓಲೆಯಿಂದ ಹಾಳೆಗೆ ಪ್ರಾರ್ಥನೆಯನ್ನು ಇಳಿಸುವವರೊಬ್ಬರು ನೆಲೆಸಿದರೆಂಬುದು ಒಂದು ಯೋಗಾಯೋಗ.

ಕೈಯ ಪೂಜೆಗೆ ಕಠಿಣವಾದ ಪರೀಕ್ಷೆ ಬಂದುದು ಅಚ್ಚಿನ ಕಾಲಕ್ಕೆ. ಹಲವು ವರ್ಷಗಳ ದುಡಿಮೆಯಿಂದ ಸಿದ್ಧವಾದ ವಚನಶಾಸ್ತ್ರಸಾರದ ಹಸ್ತಪ್ರತಿಯನ್ನು ಅವರು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಕಳುಹಿದರು. ಕನ್ನಡ ಅಚ್ಚಿನ ಕೆಲಸಕ್ಕೆ ಆಗ ಅದಕ್ಕಿಂತ ಹೆಸರಾದ ಸ್ಥಳವಿರಲಿಲ್ಲ. ಹಸ್ತಪ್ರತಿಯು ಅಚ್ಚಾಗದೆ ಮರಳಿ ಬಂದಿತು. ಇನ್ನೊಬ್ಬರಾಗಿದ್ದರೆ ಅದನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ ಜಗುಲಿಯ ಮೇಲಿಡುತ್ತಿದ್ದರೇನೋ. ಹಾಗೆ ಮಾಡಿದ್ದರೆ ಓಲೆಯ ಗತಿಯೇ ಕಾಗದಕ್ಕೂ ಬರುತ್ತಿದ್ದಿತು. ಹಳಕಟ್ಟಿಯವರು ಧೈರ್ಯಗೆಡಲಿಲ್ಲ. ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ 1923ರಲ್ಲಿ ಅದರ ಮೊದಲನೆಯ ಭಾಗವು ಬೆಳಕು ಕಂಡಿತು. ವಚನಗಳನ್ನು ವಿಷಯಕ್ಕೆ ತಕ್ಕಂತೆ ವಿಂಗಡಿಸಿ, ಸಾಮಾನ್ಯನ ಕೈಗೆ ನಿಲುಕುವಂತೆ ಅವರು ಅದರಲ್ಲಿ ಜೋಡಿಸಿಕೊಟ್ಟಿದ್ದರು. ಬಸವಾದಿ ಪ್ರಮಥರ ಮಾತುಗಳು ಹೊಸ ಕಾಲದ ಕನ್ನಡಿಗರಿಗೆ ಒಂದು ಶಾಸ್ತ್ರದ ರೂಪದಲ್ಲಿ ದೊರೆತುದು ಅಂದು.

ಪರರ ಅಚ್ಚಿನ ಮನೆಯನ್ನು ನೆಚ್ಚಿದರೆ ಈ ಕೆಲಸವು ಒಂದು ಜನ್ಮದಲ್ಲಿ ಮುಗಿಯುವಂತಿರಲಿಲ್ಲ. 1925ರಲ್ಲಿ ಅವರು ತಮ್ಮ ವಾಸದ ಮನೆಯನ್ನು ಮಾರಿ ಹಿತಚಿಂತಕ ಎಂಬ ಮುದ್ರಣಾಲಯವನ್ನು ಸ್ಥಾಪಿಸಿದರು. ವಚನಗಳಿಗೆ ಒಂದು ಮನೆಯಾಯಿತು. ಅವರು ಬಾಡಿಗೆಯ ಮನೆಗೆ ನಡೆದರು. 1926ರಲ್ಲಿ ಶಿವಾನುಭವ ಪತ್ರಿಕೆಯೂ, 1927ರಲ್ಲಿ ನವಕರ್ನಾಟಕ ವಾರಪತ್ರಿಕೆಯೂ ಅಲ್ಲಿಂದ ಹೊರಬಿದ್ದುವು. ಶಿವಾನುಭವವನ್ನು ಅವರು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ನಡೆಸಿದರು. ಲೇಖನವನ್ನು ಬರೆಯುವುದು, ಕರಡನ್ನು ತಿದ್ದುವುದು, ಚಂದಾದಾರರಿಗೆ ಕಳುಹಿಸುವುದು, ಇವೆಲ್ಲಕ್ಕೂ ಮುಖ್ಯವಾದ ಕೈ ಅವರದೇ. ಹರಿಹರನ ರಗಳೆಗಳನ್ನೂ ಅನೇಕ ಶರಣರ ಚರಿತ್ರೆಗಳನ್ನೂ ಅವರು ಇದೇ ಬಗೆಯಲ್ಲಿ ಹೊರತಂದರು.

ಈ ತ್ಯಾಗದ ಭಾರವನ್ನು ಹೊತ್ತವರು ಅವರೊಬ್ಬರೇ ಅಲ್ಲ. ಅವರ ಧರ್ಮಪತ್ನಿ ಭಾಗೀರಥಿಯವರು ಸ್ಥಿತಿವಂತರ ಮನೆಯಿಂದ ಬಂದವರು. ಮನೆಗೆ ಬರಬೇಕಾದ ಹಣವು ಕಾಗದಕ್ಕೂ ಮೊಳೆಗಳಿಗೂ ಹೋಗುವಾಗ ಸಂಸಾರವನ್ನು ತೂಗಿಸಿದವರು ಅವರು. ಮಹಾಪುರುಷರ ಚರಿತ್ರೆಯನ್ನು ಬರೆಯುವಾಗ ನಾವು ಒಲೆಯ ಮುಂದಿನ ಇಂಥ ತಪಸ್ಸನ್ನು ಒಂದು ಮಾತಿನಲ್ಲಿ ದಾಟಿಬಿಡುತ್ತೇವೆ. ಕೈಯ ಪೂಜೆಗೆ ಬೆಲೆಯುಂಟು. ಆ ಬೆಲೆಯನ್ನು ಮನೆಯವರೆಲ್ಲ ಕೂಡಿ ತೆರುತ್ತಾರೆ. ಹಳಕಟ್ಟಿಯವರು ತೇಪೆ ಹಾಕಿದ ಕರಿಯ ಕೋಟನ್ನು ತೊಟ್ಟು ಸೈಕಲ್ಲಿನ ಮೇಲೆ ತಿರುಗಾಡುತ್ತಿದ್ದುದನ್ನು ವಿಜಾಪುರದವರು ಬಹಳ ಕಾಲ ನೆನೆಯುತ್ತಿದ್ದರು. ಬಡತನವನ್ನು ಅವರು ಸಾರಿ ಹೇಳಿಕೊಳ್ಳಲಿಲ್ಲ, ಮುಚ್ಚಿಡಲೂ ಇಲ್ಲ.

ಅವರ ಸಾರ್ವಜನಿಕ ಸೇವೆಯನ್ನು ಹೇಳಹೊರಟರೆ ಅದೇ ಒಂದು ಗ್ರಂಥವಾದೀತು. 1910ರಲ್ಲಿ ವಿಜಾಪುರ ಜಿಲ್ಲೆಯ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯ ಸ್ಥಾಪನೆಯಲ್ಲಿಯೂ, 1912ರಲ್ಲಿ ಶ್ರೀ ಸಿದ್ಧೇಶ್ವರ ಬ್ಯಾಂಕಿನ ಸ್ಥಾಪನೆಯಲ್ಲಿಯೂ ಅವರು ಮುಂದಾಳಾಗಿ ನಿಂತರು. ಮುಂಬಯಿ ವಿಧಾನ ಪರಿಷತ್ತಿನ ಸದಸ್ಯರಾಗಿದ್ದರು. 1926ರಲ್ಲಿ ಬಳ್ಳಾರಿಯಲ್ಲಿ ಕೂಡಿದ ಕನ್ನಡ ಸಾಹಿತ್ಯ ಸಮ್ಮೇಳನವು ಅವರನ್ನು ಅಧ್ಯಕ್ಷಪೀಠದಲ್ಲಿ ಕುಳ್ಳಿರಿಸಿ ಗೌರವಿಸಿತು. ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು ವಿಜಾಪುರಕ್ಕೆ ಬಂದಾಗ ಗೋಲಗುಮ್ಮಟವನ್ನು ನೋಡುವುದಕ್ಕೆ ಮೊದಲು ವಚನಗಳ ಗುಮ್ಮಟವಾದ ಹಳಕಟ್ಟಿಯವರನ್ನು ಕಾಣಬೇಕೆಂದು ಬಯಸಿದರೆಂಬ ಸಂಗತಿಯು ಇಂದಿಗೂ ಜನರ ಬಾಯಲ್ಲಿದೆ. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರೇಟ್ ಪದವಿಯನ್ನು ಅರ್ಪಿಸಿತು. ಧೂಳಿನಲ್ಲಿ ಅಕ್ಷರ ತೀಡಿದ ಊರೇ ಎಪ್ಪತ್ತಾರರ ಮುಪ್ಪಿನಲ್ಲಿ ಆ ಕೈಗಳನ್ನು ಹಿಡಿದು ಮನ್ನಿಸಿದಂತಾಯಿತು. ಕನ್ನಡ ನಾಡು ಒಂದಾದುದೂ ಅದೇ ವರ್ಷ. 1964ರ ಜೂನ್ 29ರಂದು ಅವರು ಲಿಂಗೈಕ್ಯರಾದರು. ಎಂಬತ್ತನಾಲ್ಕು ವರ್ಷ ತುಂಬಲು ಇನ್ನು ಮೂರು ದಿನಗಳಿದ್ದುವು.

ಅವರ ಬಳಿಕ ವಚನಸಂಶೋಧನೆಯು ಬಹಳ ಮುಂದೆ ಸಾಗಿದೆ. ಅವರಿಗೆ ದೊರೆಯದ ಪ್ರತಿಗಳು ದೊರೆತಿವೆ. ಅವರು ಸ್ವೀಕರಿಸಿದ ಪಾಠಗಳಲ್ಲಿ ಕೆಲವನ್ನು ವಿದ್ವಾಂಸರು ತಿದ್ದಿದ್ದಾರೆ. 1993ರಲ್ಲಿ ಕರ್ನಾಟಕ ಸರಕಾರವು ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಹೊರತಂದಿತು. 20,000ಕ್ಕೂ ಹೆಚ್ಚು ವಚನಗಳು ಈಗ ಓದುಗನ ಕೈಯಳತೆಯಲ್ಲಿವೆ. ಹಳಕಟ್ಟಿಯವರ ತಪ್ಪುಗಳನ್ನು ತಿದ್ದಿದವರು ಅವರಿಗೆ ಅಗೌರವ ಮಾಡಿದರೆಂದು ಯಾರೂ ತಿಳಿಯಬಾರದು. ಕೊನೆಯ ಓಲೆಯಲ್ಲಿ ಲಿಪಿಕಾರನು ಬೇಡಿಕೊಳ್ಳುತ್ತಿದ್ದ ಬೇಡಿಕೆಯನ್ನು ಅವರು ಸಲ್ಲಿಸಿದ್ದಾರೆ, ಅಷ್ಟೆ. ಪೂಜೆಯನ್ನು ಒಬ್ಬನು ಎಲ್ಲಿಗೆ ಬಿಟ್ಟನೋ ಅಲ್ಲಿಂದ ಇನ್ನೊಬ್ಬನು ಎತ್ತಿಕೊಳ್ಳುತ್ತಾನೆ. ಅವರ ಜನ್ಮದಿನವಾದ ಜುಲೈ 2ನ್ನು ನಾಡು ವಚನ ಸಾಹಿತ್ಯದ ಸಂರಕ್ಷಣೆಯ ನೆನಪಿಗಾಗಿ ಆಚರಿಸುತ್ತಿದೆ.

ಆದರೆ ಭಕ್ತರೇ, ನಮ್ಮ ಮನೆಗಳಲ್ಲಿ ಇಂದೇನು ನಡೆದಿದೆ? ಓಲೆಯ ಕಟ್ಟಿನ ಬದಲು ಅಂದವಾದ ರಟ್ಟಿನ ಸಂಪುಟಗಳು ಕಪಾಟಿನ ಗಾಜಿನ ಹಿಂದೆ ಕುಳಿತಿವೆ. ಅಂಗೈಯಲ್ಲಿನ ಯಂತ್ರವನ್ನು ಒತ್ತಿದರೆ ಯಾವ ವಚನವೂ ಕ್ಷಣದಲ್ಲಿ ಎದುರಿಗೆ ಬರುತ್ತದೆ. ಇದರಿಂದಾದ ಉಪಕಾರವು ದೊಡ್ಡದು. ಅದನ್ನು ಹಳಿಯುವವನು ಹಳಕಟ್ಟಿಯವರ ಮುದ್ರಣಾಲಯವನ್ನೂ ಹಳಿದಂತೆ. ಆದರೂ ಗಾಜಿನ ಹಿಂದಿನ ಪುಸ್ತಕಕ್ಕೂ ಗಂಟು ಬಿಚ್ಚದ ಓಲೆಗೂ ಹೆಚ್ಚಿನ ಅಂತರವಿಲ್ಲ. ಸಿಗುವುದು ಸುಲಭವಾದಷ್ಟೂ ಒಳಗಿಳಿಯುವುದು ಕಡಿಮೆಯಾಗುತ್ತಿದೆ ಎಂಬುದನ್ನು ಪ್ರತಿಯೊಬ್ಬನೂ ತನ್ನ ಮನಸ್ಸನ್ನೇ ಕೇಳಿ ನೋಡಿಕೊಳ್ಳಲಿ.

ಆದುದರಿಂದ ಒಂದು ಸಣ್ಣ ವ್ರತವನ್ನು ಬಿನ್ನವಿಸಿಕೊಳ್ಳುತ್ತೇವೆ. ದಿನಕ್ಕೊಂದು ವಚನವನ್ನು ಕೈಯಾರ ಬರೆಯಿರಿ. ಅಕ್ಷರವು ಅಂದವಾಗಿರಬೇಕೆಂಬ ನಿಯಮವಿಲ್ಲ. ಆತುರವಿಲ್ಲದೆ, ಒಂದು ಮಾತನ್ನೂ ಬಿಡದೆ, ಒಂದನ್ನೂ ಕೂಡಿಸದೆ ಬರೆಯಬೇಕು. ಬರೆಯಲು ಬಾರದ ಎಳೆಯ ಕೂಸು ಜೊತೆಗೆ ಕುಳಿತು ಒಂದು ಲಿಂಗವನ್ನೋ ಒಂದು ಹೂವನ್ನೋ ಬರೆದರೂ ಸಾಕು, ಬರಿಯ ಸುತ್ತುಗೆರೆಗಳನ್ನೆಳೆದರೂ ಸಾಕು. ಬರೆದುದನ್ನು ಯಾರಿಗೂ ತೋರಿಸಬೇಕಾಗಿಲ್ಲ. ಅಂಗಳದ ರಂಗವಲ್ಲಿಯು ಸಂಜೆಯೊಳಗೆ ಅಳಿಸಿಹೋಗುತ್ತದೆಂದು ನಮ್ಮ ತಾಯಂದಿರು ಅದನ್ನು ಬಿಟ್ಟಿಲ್ಲ. ಅಳಿದುದು ನೆಲದ ಮೇಲಿನ ಗೆರೆ. ಎಳೆದವಳ ಮನಸ್ಸಿನಲ್ಲಿ ಮೂಡಿದ ಶಾಂತಿಯು ಆ ದಿನವೆಲ್ಲ ಅವಳ ಜೊತೆಗಿರುತ್ತದೆ.

ಹಳಕಟ್ಟಿಯವರ ಬೆರಳುಗಳು ಬರೆದು ಬರೆದು ಉಳಿಸಿದುದನ್ನು ನಮ್ಮ ಬೆರಳುಗಳು ಒಮ್ಮೆಯಾದರೂ ಮುಟ್ಟಲಿ. ಆ ಹಿರಿಯ ಚೇತನಕ್ಕೆ ಶರಣು ಶರಣಾರ್ಥಿ.